ಒಂಬತ್ತು ತಿಂಗಳ ಮಗು ನಡುರಾತ್ರಿ ಎದ್ದು ನಿಂತರೆ

ರಾತ್ರಿ ಎರಡು ಗಂಟೆ. ಮಗಳು ತನ್ನ ಮಂಚದ ಕಂಬಿ ಹಿಡಿದು ನಿಂತು ಅಳುತ್ತಿದ್ದಳು. ನಿಲ್ಲೋದು ಕಲಿತಿದ್ದಳು, ವಾಪಸ್ ಕೂರೋದು ಗೊತ್ತಿರಲಿಲ್ಲ!

8ರಿಂದ 10 ತಿಂಗಳಲ್ಲಿ ಚೆನ್ನಾಗಿ ಮಲಗುತ್ತಿದ್ದ ಮಗುವೂ ಹೀಗೆ ಏಳುವುದು ಮಾಮೂಲಿ. ಅಂಬೆಗಾಲು, ನಿಲ್ಲೋದು ಎಲ್ಲ ಒಟ್ಟಿಗೆ ಬರುತ್ತದೆ. ಅಮ್ಮ ಕಾಣದಿದ್ದರೆ ದಿಗಿಲು ಬೇರೆ.

ಕೂರೋದು ಕಲಿಸಲು ನಾನು ಶುರು ಮಾಡಿದ್ದು ಹಗಲಲ್ಲಿ. ದಿವಾನ್ ಹಿಡಿಸಿ ನಿಲ್ಲಿಸಿ, ಕಾಲ ಹತ್ತಿರ ಸ್ಟೀಲ್ ಲೋಟ ಇಡುತ್ತಿದ್ದೆ. ಅದನ್ನು ಎತ್ತಿಕೊಳ್ಳಲು ಮಂಡಿ ಮಡಿಸಿ ದೊಪ್ಪನೆ ಕೂರುತ್ತಿದ್ದಳು. ದಿನಕ್ಕೆ ಹತ್ತಿಪ್ಪತ್ತು ಸಲ ಇದೇ ಆಟ. ಐದನೇ ರಾತ್ರಿ ತಾನೇ ಕೂತಳು.

ಹಗಲು ನಿದ್ದೆ ಮಾತ್ರ ತಪ್ಪಿಸಬೇಡಿ. ನಮ್ಮತ್ತೆ ಮಾತು ಕೇಳಿ ಒಂದು ದಿನ ತಪ್ಪಿಸಿದೆ. ಸುಸ್ತಾಗಿ ಇನ್ನೂ ಜಾಸ್ತಿ ಅತ್ತಳು. ಎರಡು ನಿದ್ದೆ ಇರಲಿ, ಎರಡನೆಯದು ನಾಲ್ಕು ಗಂಟೆಯೊಳಗೆ ಮುಗಿಯಲಿ.

ರಾತ್ರಿ ಎದ್ದರೆ ಒಂದೆರಡು ನಿಮಿಷ ತಡೆಯಿರಿ. ಸುಮ್ನೆ ಗೊಣಗಿ ಮಲಗಿಬಿಡಬಹುದು, ಅಲ್ವಾ? ಇಲ್ಲದಿದ್ದರೆ ಲೈಟ್ ಹಾಕದೆ ಮಲಗಿಸಿ ಮೆಲ್ಲಗೆ ತಟ್ಟಿ. ಮೊಬೈಲ್ ಅಂತೂ ಬೇಡವೇ ಬೇಡ. ಮಗು ನಿಂತಾಗ ಆಚೆ ಬೀಳದಂತೆ ಅದರ ಮಂಚದೊಳಗಿನ ಹಾಸಿಗೆಯ ಮಟ್ಟ ಪೂರ್ತಿ ಕೆಳಗಿಳಿಸಿ. ದಿಂಬು, ರಗ್ಗು ತೆಗೆದಿಡಿ.

ಜ್ವರ ಬಂದರೆ, ಹಾಲು ಕುಡಿಯದಿದ್ದರೆ ಇದೆಲ್ಲ ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ.