ಪೆಟ್ಟಿಗೆ ಒಡೆದು ಕಪಾಟು ಮಾಡಿದ್ದು

ಕಲಬುರಗಿಯಲ್ಲಿ ನಾನು ಹೋಗುವ ಒಂದು ಗುಜರಿ ಅಂಗಡಿ ಇದೆ. ಫ್ಯಾಕ್ಟರಿಗಳಿಗೆ ಹೊರದೇಶದಿಂದ ಯಂತ್ರ ತಂದ ಪ್ಯಾಕಿಂಗ್ ಪೆಟ್ಟಿಗೆಗಳು ಕೊನೆಗೆ ಅಲ್ಲಿಗೇ ಬರುತ್ತವೆ. ಮೂರು ವರ್ಷದ ಹಿಂದೆ ಒಂದು ಚಹಾದಂಗಡಿಗೆ ಬೆಂಚು ಮಾಡಬೇಕಿತ್ತು. ಅಗ್ಗದ ಕಟ್ಟಿಗೆ ಹುಡುಕಿ ಹೋದೆ. ಒಂದು ಹಲಗೆ ಎತ್ತಿದರೆ ಕೈ ಜಗ್ಗಿತು. ಪ್ಯಾಕಿಂಗ್ ಪೈನ್ ಇಷ್ಟು ಭಾರ ಇರುವುದಿಲ್ಲವಲ್ಲ ಅಂತ ಎರಡು ಹಲಗೆ ಸುಮ್ನೆ ತಂದೆ. ರಂದಾ ಹೊಡೆದಾಗ ಒಳಗಿಂದ ಜೇನಿನ ಬಣ್ಣ, ನಡುನಡುವೆ ಕಂದು ಪಟ್ಟೆ. ಅಂಗಡಿ ತುಂಬ ಟರ್ಪೆಂಟೈನ್ ವಾಸನೆ.

ಅದು ಹಳದಿ ಪೈನ್. ಹೆಸರು ಒಂದಾದರೂ ಮರ ಒಂದೇ ಅಲ್ಲ. ಅಮೆರಿಕದ ಆಗ್ನೇಯ ಭಾಗದ ಲಾಂಗ್‌ಲೀಫ್, ಶಾರ್ಟ್‌ಲೀಫ್, ಸ್ಲ್ಯಾಷ್, ಲಾಬ್‌ಲಾಲಿ, ಈ ನಾಲ್ಕೂ ಹೆಚ್ಚಾಗಿ ಇದೇ ಹೆಸರಲ್ಲಿ ಮಾರಾಟವಾಗುತ್ತವೆ. ಅಲ್ಲಿ ಮನೆಯ ಚೌಕಟ್ಟು, ನೆಲ, ಕರೆಂಟ್ ಕಂಬ, ಕಾಗದದ ತಿರುಳು, ಮನರಂಜನಾ ಪಾರ್ಕಿನ ಕಟ್ಟಿಗೆಯ ರೋಲರ್ ಕೋಸ್ಟರ್ ತನಕ ಇದರಿಂದಲೇ ಮಾಡುತ್ತಾರೆ. ನಮ್ಮಲ್ಲಿ ಅಂಗಡಿಯವರು ಪೈನ್ ಅಂತ ಕೊಡುವುದು ಹೆಚ್ಚಾಗಿ ನ್ಯೂಜಿಲೆಂಡ್ ಕಡೆಯ ಹಗುರ, ಬಿಳಿಚಿದ ಕಟ್ಟಿಗೆ. ವ್ಯತ್ಯಾಸ ಹಿಡಿಯುವುದು ಸುಲಭ. ಉಗುರಿನಿಂದ ಒತ್ತಿ ನೋಡಿ. ಹಳದಿ ಪೈನಿನಲ್ಲಿ ತೆಳು ಬಣ್ಣದ ಜಾಗ ತಗ್ಗುತ್ತದೆ, ಕಂದು ಪಟ್ಟೆ ಜಗ್ಗುವುದಿಲ್ಲ.

ಪೆಟ್ಟಿಗೆಯ ಕಟ್ಟಿಗೆ ತರುವಾಗ ಮೊದಲು ಮುದ್ರೆ ನೋಡುತ್ತೇನೆ. ಗೋಧಿ ತೆನೆಯ ಚಿತ್ರ, ಪಕ್ಕದಲ್ಲಿ ದೇಶದ ಅಕ್ಷರ, ಕೆಳಗೆ ಎಚ್‌ಟಿ ಇದ್ದರೆ ಹುಳ ಸಾಯಲಿ ಅಂತ ಕಟ್ಟಿಗೆಯ ತಿರುಳಿನ ತನಕ 56 ಡಿಗ್ರಿ ಬಿಸಿ, 30 ನಿಮಿಷ ಕೊಟ್ಟಿದ್ದಾರೆ ಎಂದರ್ಥ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು. ಅದು ವಿಷದ ಗಾಳಿ. ಅಂಥದ್ದನ್ನು ನಾನು ಮನೆ ಸಾಮಾನಿಗೆ ಮುಟ್ಟುವುದಿಲ್ಲ.

ಮೊದಲ ಬೆಂಚು ಚೆನ್ನಾಗಿ ಬಂತು. ಆ ಧೈರ್ಯದಲ್ಲಿ ಒಂದು ಮನೆಗೆ ಪುಸ್ತಕದ ಕಪಾಟು ಒಪ್ಪಿಕೊಂಡೆ. ಆ ಮನೆ ಕಾಕಾ, ‘ಏನ್ರಿ, ಪ್ಯಾಕಿಂಗ್ ಕಟ್ಟಿಗಿಲೆ ಕಪಾಟ ಮಾಡ್ತೀರೇನ್ರಿ? ಸಾಗವಾನಿ ಹಚ್ರಿ’ ಅಂದರು. ಸಾಗವಾನಿಯ ರೇಟು ಕೇಳಿದ ಮೇಲೆ ಸುಮ್ಮನಾದರು. ಅವರ ಮಾತು ಕೇಳಿ ಬಿಳಿ ಪೇಂಟ್ ಹೊಡೆದೆ. ಮೇ ತಿಂಗಳು, ಕಪಾಟಿನ ಮೇಲೆ ಕಿಟಕಿಯ ಬಿಸಿಲು. ಎರಡೇ ವಾರಕ್ಕೆ ಗಂಟು ಇದ್ದಲ್ಲೆಲ್ಲ ಪೇಂಟ್ ಹಳದಿಯಾಗಿ ಉಬ್ಬಿತು. ಬೆರಳಿಟ್ಟರೆ ಅಂಟು. ನನಗೆ ಮುಖ ತೋರಿಸಲು ಆಗಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಒಳಗಿನ ರಾಳ ಗಟ್ಟಿಯಾಗಿ ಕೂರಬೇಕಾದರೆ ಕಟ್ಟಿಗೆಯನ್ನು ಭಟ್ಟಿಯಲ್ಲಿ 70 ಡಿಗ್ರಿಗಿಂತ ಮೇಲೆ ಕಾಯಿಸಬೇಕು. 56 ಡಿಗ್ರಿಗೆ ಹುಳ ಸಾಯುತ್ತದೆ, ರಾಳ ಹಾಗೇ ಉಳಿಯುತ್ತದೆ. ನಮ್ಮ ಬೇಸಿಗೆ ಅದನ್ನು ಹೊರಗೆ ಎಳೆದು ತರುತ್ತದೆ. ಕಪಾಟು ವಾಪಸ್ ತಂದು ಪೇಂಟ್ ಕೆರೆದೆ. ಗಂಟುಗಳನ್ನು ಸ್ಪಿರಿಟ್ ಹಾಕಿ ಒರೆಸಿದೆ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ರಾತ್ರಿಯಿಡೀ ನೆನೆಸಿ, ಗಂಟಿನ ಮೇಲೂ ಸುತ್ತ ಒಂದು ಇಂಚಿನವರೆಗೂ ಎರಡು ಕೋಟ್ ಕೊಟ್ಟೆ. ಆಮೇಲೆ ಪೇಂಟ್. ಇಲ್ಲಿಯ ತನಕ ದೂರು ಬಂದಿಲ್ಲ.

ಒಣಗಿಸುವುದೂ ಹಾಗೇ. ಅಮೆರಿಕದಲ್ಲಿ ಒಣಗಿದ ಕಟ್ಟಿಗೆ ಅಂದರೆ ಶೇ. 19ರ ತನಕ ತೇವ ಇರಬಹುದು. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಬಹಳವೇ ಆಯಿತು. ತಂದ ತಕ್ಷಣ ಜೋಡಿಸಿದ ಮೇಜಿನ ಹಲಗೆಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಬಿತ್ತು. ಈಗ ನಡುವೆ ಪಟ್ಟಿ ಇಟ್ಟು ಪೇರಿಸಿ, ನೆರಳಲ್ಲಿ ಕಡಿಮೆ ಅಂದರೂ ಎರಡು ತಿಂಗಳು ಬಿಡುತ್ತೇನೆ. ತುದಿಗೆ ಸ್ಕ್ರೂ ಹಾಕುವ ಮುಂಚೆ ತೂತು ಕೊರೆಯದಿದ್ದರೆ ಸೀಳುವುದು ಖಂಡಿತ. ಗರಗಸಕ್ಕೆ ಅಂಟಿದ ರಾಳಕ್ಕೆ ಸೀಮೆಎಣ್ಣೆ ಬಟ್ಟೆ ಸಾಕು.

ಪೇಂಟ್ ಬೇಡ ಅನ್ನುವವರಿಗೆ ಅಗಸೆ ಎಣ್ಣೆ ಹಚ್ಚುತ್ತೇನೆ. ಗಾಣದ ಹಸಿ ಎಣ್ಣೆ ಹಚ್ಚಿದ್ದ ಮಂಚ ಒಂದು ವಾರವಾದರೂ ಒಣಗದೆ ಊರ ಧೂಳನ್ನೆಲ್ಲ ಹಿಡಿದುಕೊಂಡಿತು. ಪೇಂಟ್ ಅಂಗಡಿಯ ಬಾಯ್ಲ್ಡ್ ಎಣ್ಣೆಗೆ ಸ್ವಲ್ಪ ಟರ್ಪೆಂಟೈನ್ ಸೇರಿಸಿದರೆ ಬೇಗ ಒಣಗುತ್ತದೆ. ಟರ್ಪೆಂಟೈನ್ ಸಹ ಪೈನ್ ಮರದ್ದೇ ಅಲ್ವಾ, ತವರಿನ ಎಣ್ಣೆ ಎರೆದಂತೆ! ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ. ನಾನು ಮೂಲೆಗೆ ಎಸೆದಿದ್ದ ಬಟ್ಟೆಯಿಂದ ಸಂಜೆ ಹೊಗೆ ಎದ್ದಿತ್ತು. ಕಡ್ಡಿ ಗೀರಿದವರು ಯಾರೂ ಇಲ್ಲ. ಎಣ್ಣೆ ಒಣಗುವಾಗ ತಾನೇ ಕಾಯುತ್ತದೆ. ಈಗ ಬಿಡಿಸಿ ಹೊರಗೆ ಹಗ್ಗದ ಮೇಲೆ ಹಾಕುತ್ತೇನೆ.

ಅಡುಗೆಮನೆಗೆ ಇದು ಆಗಿಬರಲಿಲ್ಲ. ಅವ್ವಗೆ ರೊಟ್ಟಿ ಬಡಿಯಲು ಮಣೆ ಮಾಡಿಕೊಟ್ಟಿದ್ದೆ. ಮೂರನೇ ದಿನ, ‘ರೊಟ್ಟಿ ಔಷಧ ನಾರ್ತಾವ’ ಅಂತ ತಿರುಗಿ ಕೊಟ್ಟಳು. ಅಂಗಳಕ್ಕೂ ಬೇಡ. ಕೊಳೆ, ಗೆದ್ದಲು ತಡೆಯುವ ಔಷಧಿ ಒತ್ತಿ ತುಂಬಿಸಿದ ಹಲಗೆ ಮಳೆಗೆ ಬಾಳುತ್ತದೆ, ಪೆಟ್ಟಿಗೆಯದ್ದು ಬಾಳುವುದಿಲ್ಲ. ಬೇವಿನ ಗಿಡದ ಕೆಳಗೆ ಹಾಕಿದ ಬೆಂಚಿನ ಕಾಲನ್ನು ಎರಡನೇ ಮಳೆಗಾಲಕ್ಕೆ ಗೆದ್ದಲು ತಿಂದಿತ್ತು. ಈಗ ಹೊರಗಿನ ಬೆಂಚು ಅಂದರೆ ಕಾಲಿನ ಕೆಳಗೆ ಶಹಾಬಾದ್ ಕಲ್ಲಿನ ತುಂಡು ಇಟ್ಟೇ ಕೊಡುತ್ತೇನೆ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಅಂತ ಹೇಳುತ್ತೇನೆ, ಯಾರೂ ಹಚ್ಚುವುದಿಲ್ಲ.

ಕಪಾಟು, ಮಂಚದ ಪಟ್ಟಿ, ಮಕ್ಕಳ ಓದುವ ಮೇಜು, ಅಂಗಡಿಯ ಹಲಗೆ, ಇವಕ್ಕೆ ಈಗ ಕಣ್ಣುಮುಚ್ಚಿ ಇದನ್ನೇ ಹಾಕುತ್ತೇನೆ. ರಂದಾ ಹೊಡೆದ ಸಿಪ್ಪೆಯನ್ನು ಪಕ್ಕದ ಮನೆಯವರು ಬಚ್ಚಲ ಹಂಡೆ ಒಲೆಗೆ ಒಯ್ಯುತ್ತಾರೆ. ಒಂದು ಮುಷ್ಟಿ ಸಾಕು, ಭಗ್ ಅಂತ ಹೊತ್ತಿಕೊಳ್ಳುತ್ತದೆ. ಹಂಡೆಗೆ ಮಸಿ ಮಾತ್ರ ವಿಪರೀತ ಅಂತ ದಿನಾ ಬೈಯುತ್ತಾರೆ, ಮರುದಿನ ಮತ್ತೆ ಚೀಲ ಹಿಡಿದು ಬರುತ್ತಾರೆ.