ಮುಪ್ಪಾದ ನಾಯಿಯ ಆರೈಕೆ: ನೆಲ, ನೀರು, ಉಸಿರು

ಏಳೆಂಟು ವರ್ಷ ದಾಟಿದ ಲ್ಯಾಬ್ರಡಾರ್, ಹತ್ತು ದಾಟಿದ ಪಮೇರಿಯನ್ ಮುಪ್ಪಿನ ಲೆಕ್ಕಕ್ಕೆ ಬಂದಂತೆಯೇ. ಏಳಲು ತಡ, ನಡೆಯಲು ಹಿಂಜರಿಕೆ, ಮನೆಯೊಳಗೇ ಉಚ್ಚೆ ಕಂಡಾಗ "ವಯಸ್ಸಾಗ್ಯದ ಬಿಡ್ರಿ" ಅಂತ ಸುಮ್ಮನಾಗುವವರೇ ಜಾಸ್ತಿ. ಹಾಗೆ ಸುಮ್ಮನಾಗಬೇಡಿ. ಇಂಥ ಲಕ್ಷಣಗಳ ಹಿಂದೆ ಕೀಲುನೋವು, ಮೂತ್ರದ ಸೋಂಕು, ಕಿಡ್ನಿ ಅಥವಾ ಹೃದಯದ ತೊಂದರೆ ಇರುವುದೇ ಹೆಚ್ಚು. ಬೇಗ ಗುರುತಿಸಿದರೆ ಬಹಳಷ್ಟಕ್ಕೆ ಔಷಧವಿದೆ.

ಮೊದಲು ನೆಲ ನೋಡಿ. ಕಲಬುರಗಿ, ಯಾದಗಿರಿ ಕಡೆ ಮನೆಮನೆಗೂ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲಿನ ನೆಲ. ತಿಕ್ಕಿ ತಿಕ್ಕಿ ನುಣುಪಾದ ಪರಸಿಯ ಮೇಲೆ ಮುದಿ ನಾಯಿ ಏಳಲು ಹೋದರೆ ಹಿಂಗಾಲು ಎರಡೂ ಹೊರಕ್ಕೆ ಜಾರುತ್ತವೆ. ತೊಡೆಯ ಸ್ನಾಯು ಉಳುಕುತ್ತದೆ, ಮರುದಿನದಿಂದ ಏಳುವುದಕ್ಕೇ ಹೆದರಿಕೆ. ಏಳದೆ ಉಚ್ಚೆ ತಡೆದುಕೊಂಡು ಬಿದ್ದಿರುತ್ತದೆ, ಅಲ್ಲಿಂದ ಮೂತ್ರದ ಸೋಂಕಿಗೂ ದಾರಿ. ಬರೀ ಕೌದಿ ಹಾಸಿದರೆ ಕೌದಿಯೇ ಜಾರುತ್ತದೆ. ರಬ್ಬರ್ ಮ್ಯಾಟ್ ಅಥವಾ ಹಳೆಯ ಯೋಗ ಮ್ಯಾಟನ್ನು ಎರಡು ಅಡಿ ಅಗಲಕ್ಕೆ ಕತ್ತರಿಸಿ, ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ನಡುವೆ ಎಲ್ಲೂ ಬಿಡದಂತೆ ಹಾಸಿ. ಒಂದು ಗೇಣು ಪರಸಿ ಬಯಲಾಗಿದ್ದರೂ ನಾಯಿ ಅಲ್ಲಿಗೇ ಬಂದು ನಿಂತುಬಿಡುತ್ತದೆ. ಪಾದದಡಿಯ ಕೂದಲು ಕತ್ತರಿಸಿ. ಉಗುರು ನೆಲಕ್ಕೆ ಟಕಟಕ ಅಂದರೆ ಉದ್ದವಾಗಿದೆ ಅಂತಲೇ ಅರ್ಥ. ವಾರಕ್ಕೊಮ್ಮೆ ತುದಿಯಿಂದ 1–2 ಮಿ.ಮೀ. ಮಾತ್ರ ತೆಗೆಯಿರಿ. ರಕ್ತ ಬಂದರೆ ಮೈದಾ ಹಿಟ್ಟು ಒತ್ತಿ ಐದು ನಿಮಿಷ ಹಿಡಿಯಿರಿ. ನೆಲ ಮುಟ್ಟದ ಹೆಬ್ಬೆರಳಿನ ಉಗುರು ಸುತ್ತಿಕೊಂಡು ಚರ್ಮಕ್ಕೇ ಚುಚ್ಚುತ್ತದೆ, ಅದನ್ನು ಮರೆಯಬೇಡಿ. ಹಿಂಗಾಲು ಸೋತ ನಾಯಿಯನ್ನು ಎಬ್ಬಿಸಲು ಹಳೆಯ ಟವೆಲ್ಲನ್ನು ಹೊಟ್ಟೆಯಡಿ ತೂರಿಸಿ, ಎರಡೂ ತುದಿ ಮೇಲಕ್ಕೆ ಹಿಡಿದು ನಡೆಸಿ.

ಇನ್ನು ಮನೆಯಲ್ಲೇ ಮಾಡುವ ಮೂರು ಅಳತೆ. ಡಾಕ್ಟರಿಗೆ "ಸ್ವಲ್ಪ ಸುಸ್ತದ" ಅನ್ನುವುದಕ್ಕಿಂತ ಈ ಅಂಕಿಗಳು ಎಷ್ಟೋ ಉಪಯೋಗ.

ನೀರು: ಬೆಳಿಗ್ಗೆ ಎರಡು ಲೀಟರ್ ಬಾಟಲಿ ತುಂಬಿಟ್ಟು, ಬಟ್ಟಲಿಗೆ ಅದರಿಂದಲೇ ಹಾಕಿ. ಮರುದಿನ ಉಳಿದದ್ದನ್ನು ಕಳೆಯಿರಿ. ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 50–60 ಮಿ.ಲೀ. ಸಾಮಾನ್ಯ. ಅಂದರೆ 15 ಕೆ.ಜಿ. ನಾಯಿಗೆ 750ರಿಂದ 900 ಮಿ.ಲೀ. ಒಂದೂವರೆ ಲೀಟರ್ ದಾಟಿದರೆ ಕಿಡ್ನಿ, ಸಕ್ಕರೆ ಕಾಯಿಲೆ, ಹಾರ್ಮೋನು ತೊಂದರೆ ನೋಡಲು ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಲೇಬೇಕು. ಬಿಸಿಲಿಗೆ ಕುಡಿಯುವುದು ಹೆಚ್ಚುತ್ತದೆ, ಬಟ್ಟಲ ನೀರು ಆರಿಯೂ ಹೋಗುತ್ತದೆ. ಆದ್ದರಿಂದ ಚಳಿಗಾಲದಲ್ಲೇ ಒಮ್ಮೆ ಅಳೆದು ಬರೆದಿಡಿ.

ಉಸಿರು: ಗಾಢ ನಿದ್ದೆಯಲ್ಲಿದ್ದಾಗ ಪಕ್ಕೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. 30ರ ಒಳಗಿರಬೇಕು. ತಂಪಿನಲ್ಲಿ ಮಲಗಿದ್ದರೂ ಮತ್ತೆ ಮತ್ತೆ ಅದಕ್ಕಿಂತ ಮೇಲೆ ಹೋಗುತ್ತಿದ್ದರೆ, ಜೊತೆಗೆ ಕೆಮ್ಮೂ ಇದ್ದರೆ, ಹೃದಯ ಪರೀಕ್ಷೆಗೆ ತಡಮಾಡಬೇಡಿ.

ತೂಕ: ನಾಯಿಯನ್ನು ಎತ್ತಿಕೊಂಡು ತಕ್ಕಡಿ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ತಿಂಗಳಿಗೊಮ್ಮೆ ಸಾಕು. ಹತ್ತಕ್ಕೆ ಒಂದು ಕೆ.ಜಿ. ಇಳಿದರೆ ಅದು ಬರೀ ಮುಪ್ಪಲ್ಲ.

ಊಟದಲ್ಲಿ ಆಗುವ ತಪ್ಪು, ರೊಟ್ಟಿ-ಹಾಲಿನ ಮೇಲೇ ಇಡುವುದು. ಮುದಿ ನಾಯಿಯ ಸ್ನಾಯು ಕರಗುತ್ತಿರುತ್ತದೆ, ಅದಕ್ಕೆ ಪ್ರೋಟೀನ್ ಬೇಕು. ಹಾಲು ಜೀರ್ಣವಾಗದೆ ಎಷ್ಟೋ ನಾಯಿಗಳಿಗೆ ಭೇದಿ ಹಚ್ಚುತ್ತದೆ. 10 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 150 ಗ್ರಾಂ ಬೇಯಿಸಿದ ಕೋಳಿ (ಎಲುಬು ಬೇಡವೇ ಬೇಡ), ಒಂದೂವರೆ ಜೋಳದ ರೊಟ್ಟಿ, ಒಂದು ಹಿಡಿ ಬೇಯಿಸಿದ ಕುಂಬಳಕಾಯಿ ಹಿಡಿದು ಶುರು ಮಾಡಿ, ತೂಕ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ. ಎರಡು ಮೂರು ಸಲಕ್ಕೆ ಹಂಚಿ ಕೊಡಿ. ಖಡಕ್ ರೊಟ್ಟಿ ಮುದಿ ಹಲ್ಲಿಗೆ ಆಗದು, ಕೋಳಿ ಬೇಯಿಸಿದ ನೀರಿನಲ್ಲಿ ನೆನೆಸಿ. ಮನೆಯೂಟದಲ್ಲಿ ಕ್ಯಾಲ್ಸಿಯಂ ಕೊರತೆ ಬೀಳುವುದರಿಂದ ಅದರ ಪ್ರಮಾಣ ಡಾಕ್ಟರನ್ನೇ ಕೇಳಿ. ತೊಗರಿ ಬ್ಯಾಳಿ ಹಾಕುವುದಾದರೆ ಒಗ್ಗರಣೆಗೆ ಮೊದಲೇ ತೆಗೆದಿಡಿ: ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ದ್ರಾಕ್ಷಿ, ಮನುಕ ಕಿಡ್ನಿಗೆ ವಿಷ. ಕಿಡ್ನಿ ತೊಂದರೆ ಇರುವುದು ಖಚಿತವಾದ ಮೇಲೆ ಊಟದ ಲೆಕ್ಕವೇ ಬೇರೆ, ಅದನ್ನು ಡಾಕ್ಟರು ಹೇಳಿದಂತೆ ನಡೆಸಿ.

ನೋವಿಗೆ ಮೆಡಿಕಲ್ ಅಂಗಡಿಯ ಮನುಷ್ಯರ ಗುಳಿಗಿ ಕೊಡಲೇಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ, ಕಿಡ್ನಿ ಕೆಡಿಸುತ್ತವೆ. ನಾಯಿಗೆಂದೇ ಇರುವ ನೋವಿನ ಔಷಧ ಬೇರೆ. ಅದನ್ನೂ ರಕ್ತ ಪರೀಕ್ಷೆ ಮಾಡಿಸಿಯೇ ಶುರು ಮಾಡಬೇಕು. ಊರಿನ ದನದ ದವಾಖಾನಿಯಲ್ಲಿ ಆಗದ ಪರೀಕ್ಷೆಗೆ ಬೀದರಿನ ನಂದಿನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಬೇಸಿಗೆಯಲ್ಲಿ ಹೋಗುವುದಾದರೆ ನಸುಕಿನಲ್ಲೇ ಹೊರಡಿ.

ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 42 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬಿಸಿಲೇ ದೊಡ್ಡ ವೈರಿ. ತಿರುಗಾಡಿಸುವುದು ಸೂರ್ಯ ಏರುವ ಮೊದಲು, ಇಲ್ಲವೇ ಕತ್ತಲಾಗಿ ರಸ್ತೆ ಆರಿದ ಮೇಲೆ. ಅಂಗೈ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ಒಣ ಸೆಕೆಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಕಿಟಕಿ ತೆರೆದಿಡಿ. ನಾಯಿ ಏದುಸಿರು ಬಿಡುತ್ತ ತೂರಾಡಿದರೆ, ಗುದದ ಉಷ್ಣತೆ 104 ಫ್ಯಾರನ್‌ಹೀಟ್ ದಾಟಿದ್ದರೆ, ಮೈಮೇಲೆ ಮನೆಯ ನೀರು ಸುರಿಯುತ್ತ ಫ್ಯಾನ್ ಹಾಕಿ. ಒದ್ದೆ ಬಟ್ಟೆ ಹೊದಿಸಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ. 103ಕ್ಕೆ ಇಳಿದಾಗ ನಿಲ್ಲಿಸಿ, ಆಸ್ಪತ್ರೆಗೆ ಒಯ್ಯಿರಿ.

ಎದ್ದೇಳಲಾಗದ ನಾಯಿಗೆ ನಾಲ್ಕು ಇಂಚು ಫೋಮ್, ಮೇಲೆ ರೆಕ್ಸಿನ್, ಅದರ ಮೇಲೆ ಕೌದಿ. ಕೌದಿ ಎರಡಿರಲಿ, ಒಂದು ಒಗೆಯಲು. ನಾಲ್ಕು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಹಿಂಭಾಗ ತೊಳೆದು ಒರೆಸಿ. ಸೊಂಟ, ಮೊಣಕೈ ಎಲುಬಿನ ಮೇಲೆ ಕೂದಲು ಉದುರಿ ಕೆಂಪಾಗಿದ್ದರೆ ಅದು ಹಾಸಿಗೆ ಹುಣ್ಣಿನ ಶುರು. ಮಳೆಗಾಲದಲ್ಲಿ ನೊಣ ಕೂತು ಒಂದೆರಡು ದಿನದಲ್ಲೇ ಹುಳ ಬೀಳುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಯಾವುದನ್ನೂ ಸುರಿಯಬೇಡಿ, ಚರ್ಮ ಬೆಂದು ಗಾಯ ದೊಡ್ಡದಾಗುತ್ತದೆ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಿ.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು: ಆಪರೇಷನ್ ಆಗದ ಹೆಣ್ಣು ನಾಯಿ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ವಾಂತಿ, ವಿಪರೀತ ನೀರಡಿಕೆ, ಕೀವು ತೋರಿಸುವುದು (ಗರ್ಭಕೋಶದ ಕೀವು, ಕೆಲವೊಮ್ಮೆ ಹೊರಗೆ ಕಾಣಿಸುವುದೂ ಇಲ್ಲ), ವಸಡು ಬಿಳಿಚುವುದು, ಉಣ್ಣಿ ಹತ್ತಿದ ನಾಯಿಗೆ ಜ್ವರ, ಮೂಗಿನಲ್ಲಿ ರಕ್ತ.

ಒಂದು ಹಂತದಲ್ಲಿ ಔಷಧಕ್ಕೂ ನೋವು ಬಗ್ಗುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ತಿಂದು, ಬಾಲ ಆಡಿಸಿದ ದಿನಕ್ಕೆ ಗೆರೆ, ಆಗದ ದಿನಕ್ಕೆ ಸೊನ್ನೆ ಹಾಕುತ್ತ ಹೋಗಿ. ಎರಡು ವಾರದಲ್ಲಿ ಸೊನ್ನೆಗಳೇ ಹೆಚ್ಚಾದರೆ ದಯಾಮರಣದ ಮಾತು ಡಾಕ್ಟರ ಹತ್ತಿರ ನೀವೇ ತೆಗೆಯಿರಿ. ಮೊದಲು ಮಂಪರಿನ ಇಂಜೆಕ್ಷನ್, ನಾಯಿ ಮಲಗಿದ ಮೇಲೆ ಎರಡನೆಯದು, ಹೀಗೇ ಮಾಡಿರೆಂದು ಕೇಳಿ. ಕಣ್ಣು ತೆರೆದೇ ಇರಬಹುದು, ಆಮೇಲೂ ಒಂದೆರಡು ಸಲ ಉಸಿರೆಳೆದಂತೆ ಆಗಬಹುದು. ಅದು ನೋವಲ್ಲ. ಹೂಳುವುದು ಬಾವಿ, ಬೋರ್‌ವೆಲ್‌ನಿಂದ ದೂರ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುವುದರಿಂದ ಗುಂಡಿ ನಾಲ್ಕು ಅಡಿಗೆ ಕಡಿಮೆ ಆಗಬಾರದು. ಮೇಲೆ ಕಲ್ಲು ಹೇರಿ, ಜಾಲಿ ಮುಳ್ಳು ಹಾಕಿ: ದೇಹದಲ್ಲಿ ಉಳಿದ ಔಷಧ ಅಗೆದು ತಿಂದ ಬೇರೆ ನಾಯಿಗೂ ಅಪಾಯ.