ಬಿಡುವಿಲ್ಲದ ದಿನದಲ್ಲಿ ಪ್ರಾರ್ಥನೆಗೆ ಜಾಗ ಮಾಡಿಕೊಳ್ಳುವ ಬಗೆ

ಕೆಲಸ, ಮನೆ, ಮಕ್ಕಳು, ವಯಸ್ಸಾದ ತಂದೆತಾಯಿ ಎನ್ನುತ್ತಲೇ ದಿನ ಕಳೆದುಹೋಗುವಾಗ ನಮ್ಮಲ್ಲಿ ಹೆಚ್ಚಿನವರು ಸಮಾಧಾನಕ್ಕೆ ಹೇಳಿಕೊಳ್ಳುವ ಮಾತು ಒಂದೇ: "ಸ್ವಲ್ಪ ಬಿಡುವಾಗಲಿ, ಆಮೇಲೆ ಪ್ರಾರ್ಥನೆಗೆ ಕೂರುತ್ತೇನೆ." ಆ ಬಿಡುವು ತಾನಾಗಿ ಒದಗುವುದಿಲ್ಲ. ಆದ್ದರಿಂದ ಬಿಡುವಿನ ಗಂಟೆಗಾಗಿ ಕಾಯುವ ಬದಲು, ದಿನವೂ ತಪ್ಪದೆ ಮಾಡುವ ಯಾವುದಾದರೊಂದು ಕೆಲಸದ ಜೊತೆಗೆ ಪ್ರಾರ್ಥನೆಯನ್ನು ಗಂಟುಹಾಕಿಬಿಡಬೇಕು.

ಯೇಸುವಿನ ಜೀವನವನ್ನು ಹೇಳುವ ಬೈಬಲಿನ ಪುಸ್ತಕಗಳಲ್ಲೊಂದಾದ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಯೇಸು ಸ್ವಾಮಿಯ ಒಂದು ದಿನದ ಚಿತ್ರವಿದೆ. ಸಂಜೆ ಹೊತ್ತು ಮುಳುಗಿದ ಮೇಲೂ ಊರಿಗೆ ಊರೇ ಬಾಗಿಲ ಬಳಿ ನೆರೆದಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಆತನು ಎದ್ದು ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು. ಅಷ್ಟರಲ್ಲೇ ಶಿಷ್ಯನಾದ ಸೀಮೋನನೂ ಜೊತೆಯವರೂ ಹುಡುಕಿಕೊಂಡು ಬಂದರು. ಇದನ್ನು ಓದಿ ನಾಲ್ಕು ಗಂಟೆಗೇ ಏಳಬೇಕೆಂಬ ನಿಯಮ ಮಾಡಿಕೊಳ್ಳುವವರಿದ್ದಾರೆ. ರಾತ್ರಿ ಪಾಳಿಯವರಿಗೂ ಎಳೆಗೂಸಿನ ತಾಯಿಗೂ ಅದು ನಡೆಯುವ ಮಾತಲ್ಲ. ಅಲ್ಲಿ ಗಮನಿಸಬೇಕಾದದ್ದು ಗಡಿಯಾರವನ್ನಲ್ಲ, ಯಾರಾದರೂ ನಮ್ಮನ್ನು ಕೇಳಿಕೊಂಡು ಬರುವ ಮುಂಚಿನ ಹೊತ್ತನ್ನು. ಕೆಲವರಿಗೆ ಅದು ವಾಹನ ನಿಲ್ಲಿಸಿ ಕೆಲಸದ ಸ್ಥಳಕ್ಕೆ ಕಾಲಿಡುವ ಮುಂಚಿನ ಹತ್ತು ನಿಮಿಷವಾಗಿರಬಹುದು.

ಓದಿಗೆ ಸತ್ಯವೇದದ, ಅಂದರೆ ಬೈಬಲಿನ, ಮುದ್ರಿತ ಪ್ರತಿಯನ್ನೇ ಇಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅನುಭವ. ಅಲಾರಂ ನಿಲ್ಲಿಸಲು ಮೊಬೈಲ್ ಕೈಗೆತ್ತಿಕೊಂಡರೆ ಹೆಬ್ಬೆರಳು ತಾನಾಗಿ ಸಂದೇಶಗಳತ್ತ ಸರಿಯುತ್ತದೆ, ಮೂರನೆಯ ಸಂದೇಶಕ್ಕೆ ಬರುವಷ್ಟರಲ್ಲಿ ಮನಸ್ಸು ಕಚೇರಿ ಸೇರಿರುತ್ತದೆ. ಹಿಂದಿನ ರಾತ್ರಿಯೇ ಪುಟ ತೆರೆದು ಮೇಜಿನ ಮೇಲೆ ಇಟ್ಟರೆ ಹುಡುಕುವ ಕೆಲಸವೂ ತಪ್ಪುತ್ತದೆ. ಇನ್ನು, 66 ಪುಸ್ತಕಗಳ 1,189 ಅಧ್ಯಾಯಗಳನ್ನು ಒಂದೇ ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ಹೆಚ್ಚು ಅಧ್ಯಾಯ ಓದಬೇಕಾಗುತ್ತದೆ. ಹೊಸ ವರ್ಷದಲ್ಲಿ ಉತ್ಸಾಹದಿಂದ ಹೊರಟವರು ಬಲಿ, ಶುದ್ಧಿಗಳ ನಿಯಮಗಳೇ ತುಂಬಿರುವ ಮೂರನೆಯ ಪುಸ್ತಕ ಯಾಜಕಕಾಂಡದಲ್ಲಿ ನಿಂತುಬಿಡುವುದು ಆಶ್ಚರ್ಯವಲ್ಲ. ಮಾರ್ಕನ ಸುವಾರ್ತೆಯಲ್ಲಿ ಇರುವುದು 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯದಂತೆ ಓದಿದರೆ 32 ದಿನಗಳಲ್ಲಿ ಒಂದು ಸುವಾರ್ತೆ ಪೂರ್ತಿಯಾಗುತ್ತದೆ. ತೀರಾ ಅವಸರದ ದಿನಕ್ಕೆ ಎರಡೇ ವಚನಗಳ 117ನೆಯ ಕೀರ್ತನೆಯಿದೆ.

ಹಗಲಿನ ಪ್ರಾರ್ಥನೆಗೆ ಹಳೆಯ ಒಡಂಬಡಿಕೆಯ ನೆಹೆಮೀಯನು ಒಳ್ಳೆಯ ಮಾದರಿ. ರಾಜನಿಗೆ ದ್ರಾಕ್ಷಾರಸ ಬಡಿಸುವ ಪಾನಸೇವಕನಾಗಿದ್ದ ಆತನನ್ನು ಪರ್ಷಿಯದ ಅರ್ತಷಸ್ತ ರಾಜನು "ನಿನಗೇನು ಬೇಕು" ಎಂದು ಕೇಳಿದಾಗ, ಆ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವೆ ಆತನು ಪರಲೋಕದ ದೇವರನ್ನು ಪ್ರಾರ್ಥಿಸಿದನು. ರಾಜನು ಕಾಯುತ್ತಿರುವಾಗ ಅದು ಒಂದು ಉಸಿರಿಗಿಂತ ದೀರ್ಘವಾಗಿದ್ದಿರಲಾರದು. ಕರೆ ಸ್ವೀಕರಿಸುವ ಮುನ್ನ, ಸಭೆಯ ಕೊಠಡಿಗೆ ಹೋಗುವ ಮುನ್ನ, ವಿಶೇಷವಾಗಿ ಸಿಟ್ಟಿನಲ್ಲಿ ಬರೆದ ಉತ್ತರವನ್ನು ಕಳುಹಿಸುವ ಮುನ್ನ ಇಂಥ ಒಂದು ಉಸಿರಿನ ಪ್ರಾರ್ಥನೆ ಸಾಕು. 141ನೆಯ ಕೀರ್ತನೆಯಲ್ಲಿ ಬಾಯಿಗೆ ಕಾವಲಿರಿಸೆಂದು ಬೇಡುವ ವಾಕ್ಯ ನನ್ನನ್ನು ಎಷ್ಟೋ ಪತ್ರಗಳಿಂದ ಕಾಪಾಡಿದೆ.

"ನನ್ನ ಕೆಲಸವೇ ನನ್ನ ಪ್ರಾರ್ಥನೆ" ಎನ್ನುವವರು 17ನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಅವರನ್ನು ನೆನೆಯುವುದುಂಟು. ಸ್ವಭಾವತಃ ಒಲ್ಲದಿದ್ದ ಅಡುಗೆ ಕೆಲಸದಲ್ಲೂ ಅವರು ದೇವರ ಸಾನ್ನಿಧ್ಯವನ್ನು ಕಂಡುಕೊಂಡದ್ದು ನಿಜ. ಆದರೆ ಆ ಮಠದಲ್ಲಿ ಪ್ರಾರ್ಥನೆಗೆ ಗೊತ್ತಾದ ಹೊತ್ತುಗಳಿದ್ದವೆಂಬುದನ್ನೂ, ಆ ಸ್ಥಿತಿ ಅವರಿಗೆ ವರ್ಷಗಳ ಅಭ್ಯಾಸದಿಂದ ಬಂದದ್ದೆಂಬುದನ್ನೂ ಮರೆತರೆ, ಅವರ ಹೆಸರು ನಮಗೆ ಬರಿಯ ನೆಪವಾಗುತ್ತದೆ.

ಭಾನುವಾರದ ಆರಾಧನೆ ಶನಿವಾರ ಸಂಜೆಯೇ ಆರಂಭವಾಗುತ್ತದೆ ಎನ್ನಬಹುದು: ಬಟ್ಟೆಬರೆ ಅಣಿಮಾಡಿ, ಬಾಕಿ ಕೆಲಸ ಮುಗಿಸಿ ಬೇಗ ಮಲಗಿದವರಿಗೆ ಬೆಳಿಗ್ಗೆ ಸಿಡಿಮಿಡಿಯಿಲ್ಲ. ಆ ದಿನ ಕೆಲಸದ ಪಾಳಿ ಬಿದ್ದರೆ ವಾರದ ನಡುವಿನ ಪ್ರಾರ್ಥನಾ ಕೂಟವನ್ನಾದರೂ ಬಿಡಬಾರದು. ಚರ್ಚಿನ ಕೆಲಸಗಳೇ ಭಾರವಾಗುವುದೂ ಇದೆ. ಗಾಯಕವೃಂದ, ಭಾನುವಾರದ ಶಾಲೆ, ಸಮಿತಿ ಎಂದು ಎಲ್ಲಕ್ಕೂ ಒಪ್ಪಿಕೊಂಡವರು ಆರಾಧನೆಯ ಮಧ್ಯದಲ್ಲೂ ಮುಂದಿನ ಏರ್ಪಾಡಿನ ಚಿಂತೆಯಲ್ಲಿರುತ್ತಾರೆ. ಲೂಕನ ಸುವಾರ್ತೆಯಲ್ಲಿ ಮನೆಗೆ ಬಂದ ಯೇಸುವಿನ ಉಪಚಾರದಲ್ಲಿ ಮುಳುಗಿದ್ದ ಮಾರ್ಥಳಿಗೆ ಆತನು ತೋರಿಸಿಕೊಟ್ಟದ್ದೂ ಅವಳ ಸೇವೆಯ ತಪ್ಪನ್ನಲ್ಲ, ಅನೇಕ ವಿಷಯಗಳ ತಳಮಳವನ್ನು. ಒಂದು ಹೊಣೆಯನ್ನು ಹೊತ್ತುಕೊಂಡು ಉಳಿದವುಗಳಿಗೆ ವಿನಯದಿಂದ ಇಲ್ಲವೆನ್ನುವುದು ಮೇಲು.

ಎಷ್ಟು ಜಾಗ್ರತೆ ವಹಿಸಿದರೂ ದಿನಗಳು ತಪ್ಪುತ್ತವೆ. ಒಮ್ಮೆ ಒಂಬತ್ತು ದಿನಗಳ ಓದು ಬಾಕಿ ಉಳಿದಾಗ, ಸಾಲ ತೀರಿಸುವವನಂತೆ ಅಷ್ಟನ್ನೂ ಒಂದೇ ರಾತ್ರಿ ಕುಳಿತು ಓದಿದೆ. ಬೆಳಿಗ್ಗೆ ಒಂದು ಮಾತೂ ನೆನಪಿರಲಿಲ್ಲ. ಅಂದಿನಿಂದ ಗುರುತಿನ ದಾರ ಇರುವ ಪುಟದಿಂದಲೇ ಓದು ಮುಂದುವರಿಸುತ್ತೇನೆ, ದಿನಾಂಕ ನೋಡುವುದಿಲ್ಲ.